ಬಣ್ಣ ಬಿಡದ ಕಪ್ಪು

ಎರಡು ಗಾಜಿನ ಪಟ್ಟಿಗಳಲ್ಲಿ ಒಂದರ ಕಪ್ಪು ಬಿಟ್ಟಿತು. ಇನ್ನೊಂದರದು ಬಿಡಲಿಲ್ಲ.

ಡಾಕ್ಟರ್ ಸೀತಾರಾಮಯ್ಯ ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ತೆಗೆದು, ಕೋಟಿನ ತುದಿಯಿಂದ ಒರೆಸಿ, ಹಾಕಿಕೊಂಡು ಮತ್ತೊಮ್ಮೆ ನೋಡಿದರು. ಒರೆಸಿದ್ದರಿಂದ ಏನೂ ಬದಲಾಗಲಿಲ್ಲ. ಎಡಗೈಯ ಪಟ್ಟಿ ಅಕ್ಕಿ ತೊಳೆದ ನೀರಿನಂತೆ ತೆಳುವಾಗಿತ್ತು. ಬಲಗೈಯದು ಒಲೆಯ ಹಿಂದಿನ ಗೋಡೆಯಂತೆ ಹಾಗೇ ಇತ್ತು.

"ತಪ್ಪಿದೀನಿ," ಎಂದರು.

ಬಾಗಿಲಿಗೆ ಒರಗಿ ನಿಂತಿದ್ದ ಸಬ್ ಇನ್‌ಸ್ಪೆಕ್ಟರ್ ಅಂಜನಮೂರ್ತಿ ಟೋಪಿಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಬಂದ. ಹೆಣ ಕುಯ್ಯುವ ಕೋಣೆಗೆ ಅಂಟಿಕೊಂಡಿದ್ದ ಈ ಕೋಣೆಯ ವಾಸನೆ ಅವನಿಗೆ ಆಗದು. ಬಂದಾಗಲೆಲ್ಲ ಒಂದು ಏಲಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುತ್ತಿದ್ದ.

"ಏನ್ ಸಾರ್ ಹೀಗಂದ್ಬಿಟ್ರಿ! ನಾಳೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಬೇಕು ನೀವು. ವಿಷ ಅಲ್ಲ, ಕ್ಯಾನ್ಸರು ಅಂತ ಮೂರು ತಿಂಗಳಿಂದ ನನ್ನ ತಲೆ ತಿಂದೋರೂ ನೀವೇ."

"ಕ್ಯಾನ್ಸರೇ. ಅದರಲ್ಲಿ ತಪ್ಪಿಲ್ಲ. ಅದು ಹುಟ್ಟಿದ ಜಾಗದಲ್ಲಿ ತಪ್ಪಿದೀನಿ."

ಅಮೃತೂರಿನ ದೊಡ್ಡಗಂಗಮ್ಮ ಹೊಟ್ಟೆ ಉಬ್ಬಿ, ಮೈ ಅರಿಶಿನವಾಗಿ, ಕಡ್ಡಿಯಂತೆ ಸೊರಗಿ ಸತ್ತಿದ್ದಳು. ಸೊಸೆ ಹನುಮಂತಮ್ಮನೇ ಅನ್ನದಲ್ಲಿ ಮದ್ದಿಕ್ಕಿ ಕೊಂದಳೆಂದು ಸತ್ತವಳ ತಮ್ಮ ಮೂಡಲಗಿರಿಯಪ್ಪ ದೂರು ಕೊಟ್ಟಿದ್ದ. ಆ ಸೊಸೆ ಈಗ ತುಮಕೂರಿನ ಜೈಲಿನಲ್ಲಿದ್ದಳು.

ಮದ್ದು ಎಂದರೆ ಆ ಕಡೆ ಔಷಧಿಯಲ್ಲ. ಅನ್ನದ ತುತ್ತಿನಲ್ಲಿ ಸೇರಿ ಹೊಟ್ಟೆಗಿಳಿದು, ಅಲ್ಲಿ ಗಂಟಾಗಿ ಕೂತು, ತಿಂಗಳುಗಟ್ಟಲೆ ಮನುಷ್ಯನನ್ನು ಒಳಗಿನಿಂದ ತಿನ್ನುವ ವಸ್ತು ಅದು. ಇಕ್ಕಿದ ಕೈ ದೂರ ಹೋದರೂ ಮದ್ದು ತನ್ನ ಕೆಲಸ ಬಿಡುವುದಿಲ್ಲ ಎಂದು ಜನ ನಂಬಿದ್ದರು. ಹೀಗಾಗಿ ಹೆಣದ ಹೊಟ್ಟೆ ತೆರೆದಾಗ ಯಕೃತ್ತಿನ ತುಂಬ ನೇರಳೆಹಣ್ಣಿನಂಥ ಕಪ್ಪು ಗಂಟುಗಳು ಕಂಡದ್ದೇ ತಡ, ಊರಿಗೆ ಬೇರೆ ಸಾಕ್ಷಿ ಬೇಕಾಗಲಿಲ್ಲ. ಬೆಂಗಳೂರಿನಿಂದ ಬರಬೇಕಾದ ವಿಷಪರೀಕ್ಷೆಯ ವರದಿ ಇನ್ನೂ ಬಂದಿರಲಿಲ್ಲ. ಬಂದರೂ ಅಷ್ಟೆ. ಮದ್ದು ಯಾವ ಪರೀಕ್ಷೆಗೂ ಸಿಗುವುದಿಲ್ಲ ಎನ್ನುವುದೂ ಆ ನಂಬಿಕೆಯ ಒಂದು ಭಾಗವೇ.

ಸೀತಾರಾಮಯ್ಯನವರು ಮಾತ್ರ ಅದು ಕರಿಗಡ್ಡೆ ಎಂದಿದ್ದರು. ಮೈಬಣ್ಣ ಮಾಡುವ ಕಣಗಳೇ ಕೆಟ್ಟು ಬೆಳೆದು, ರಕ್ತದಲ್ಲಿ ತೇಲಿಹೋಗಿ ಇನ್ನೆಲ್ಲೋ ಬೇರು ಬಿಡುವ ಗಡ್ಡೆ. ಅಪರೂಪದ್ದು. ಅವರ ಇಷ್ಟು ವರ್ಷದ ಚಾಕರಿಯಲ್ಲಿ ಎರಡನೆಯದು.

"ಬಲಗಂಕುಳಲ್ಲಿ ಒಂದು ಗಂಟು ಇತ್ತಲ್ಲ, ನೆನಪಿದೆಯಾ?" ಎಂದರು. "ಅದೂ ಕಪ್ಪು, ಲಿವರಿನ ಗಂಟೂ ಕಪ್ಪು. ಎರಡೂ ಒಂದೇ ಅಂದ್ಕೊಂಡೆ. ಕಂಕುಳಿಗೆ ಬಂದಿದೆ ಅಂದ್ರೆ ಹುಟ್ಟಿದ್ದು ತೋಳಲ್ಲಿರಬೇಕು, ತೋಳ ತುಂಬ ಇದ್ದ ಹಚ್ಚೆ ಮಧ್ಯೆ ಯಾವುದೋ ಮಚ್ಚೆ ಇದ್ದಿರಬೇಕು, ಹೆಣ ನೋಡುವಾಗ ನನ್ನ ಕಣ್ಣು ತಪ್ಪಿರಬೇಕು. ಹೀಗೆ ಲೆಕ್ಕ ಹಾಕಿದ್ದೆ."

"ಈಗ?"

"ಬಾವಿಗೆ ಕೆಂಪು ಪುಡಿ ಹಾಕ್ತಾರಲ್ಲ, ಕಾಲರಾ ಬಂದಾಗ. ಅದರ ನೀರಲ್ಲಿ ನೆನೆಸಿ, ಆಮೇಲೆ ಇನ್ನೊಂದು ಹುಳಿನೀರಲ್ಲಿ ತೊಳೆದ್ರೆ ಮೈಯೊಳಗೆ ಹುಟ್ಟಿದ ಕಪ್ಪು ಬಿಟ್ಕೊಳ್ಳತ್ತೆ. ಲಿವರಿಂದು ಬಿಡ್ತು, ನೋಡಿ. ಕಂಕುಳಿಂದು ಬಿಡಲಿಲ್ಲ. ಯಾಕಂದ್ರೆ ಅದು ಮೈದಲ್ಲ. ದೀಪದ ಮಸಿ."

ಅಂಜನಮೂರ್ತಿ ಏಲಕ್ಕಿ ಜಗಿಯುವುದನ್ನು ನಿಲ್ಲಿಸಿದ.

"ಹಚ್ಚೆ ಸಾರ್?"

"ಹೂಂ. ಚಿಕ್ಕ ಹುಡುಗಿಯಾಗಿದ್ದಾಗ ಹುಯ್ಸಿದ್ದು. ಒಂದೊಂದೇ ಚುಕ್ಕಿ ಜಾರಿಕೊಂಡು ಹೋಗಿ ಕಂಕುಳಲ್ಲಿ ಕೂತಿದೆ, ಪಾಪ. ಯಾರಿಗೂ ಏನೂ ಮಾಡಿಲ್ಲ ಅದು. ನಾನು ಅದರ ಮೇಲೆ ಕೊಲೆ ಹೊರಿಸಿದ್ದೆ."

"ಚೆನ್ನಾಗಾಯ್ತು ಬಿಡಿ," ಎಂದ ಅಂಜನಮೂರ್ತಿ. "ನಾನು ಸೊಸೆ ಮೇಲೆ ಹೊರಿಸ್ದೆ, ನೀವು ಹಚ್ಚೆ ಮೇಲೆ ಹೊರಿಸಿದ್ರಿ. ಆದ್ರೆ ಸಾರ್, ಗಡ್ಡೆ ಎಲ್ಲಿ ಹುಟ್ತು ಅಂತ ಹೇಳದೆ ಹೋದ್ರೆ ಸರ್ಕಾರಿ ಲಾಯರು ನಾಳೆ ನಿಮ್ಮನ್ನ ರುಬ್ಬಿ ಚಟ್ನಿ ಮಾಡ್ತಾನೆ. ಬೇರಿಲ್ಲದೆ ಗಿಡ ಎಲ್ಲಿ ಬಂತು ಅಂತಾನೆ. ಆ ಹೆಣ್ಣುಮಗಳು ಸೆಷನ್ಸಿಗೆ ಹೋಗ್ತಾಳೆ. ಅಲ್ಲಿಂದ ಆಚೆಗೆ ಏನು ಅಂತ ನಾನು ಹೇಳಬೇಕಾಗಿಲ್ಲ."

ಹೇಳಬೇಕಾಗಿರಲಿಲ್ಲ. ಸೀತಾರಾಮಯ್ಯ ಪಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಎದ್ದರು. ಸೊಂಟ ಹಿಡಿದಿತ್ತು. ಜೇಬಿನಲ್ಲಿ ಮನೆಯ ಬೀಗದ ಕೈ ತಾಗಿತು. ಬಾಗಿಲು ತೆಗೆಯುವವರು ಇಲ್ಲವಾದ ಮೇಲೆ ಅದು ಅಲ್ಲೇ ಇರುತ್ತಿತ್ತು.

ಹೊರಗೆ ಜಗಲಿಯ ಬೆಂಚಿನ ಮೇಲೆ ದೊಡ್ಡಗಂಗಮ್ಮನ ಮಗ ಲಕ್ಷ್ಮೀನರಸಿಂಹಯ್ಯ ಕೂತಿದ್ದ. ನಾಳೆಯ ವಿಚಾರಣೆಗೆಂದು ಹಿಂದಿನ ದಿನವೇ ಬಸ್ಸು ಹತ್ತಿ ಬಂದಿದ್ದ. ಒಂದು ಕಡೆ ಸತ್ತ ತಾಯಿ, ಇನ್ನೊಂದು ಕಡೆ ಜೈಲಿನಲ್ಲಿ ಹೆಂಡತಿ. ಇಪ್ಪತ್ತೈದು ದಾಟಿರದ ಮುಖದಲ್ಲಿ ಐವತ್ತರ ಬಳಲಿಕೆ. ಕ್ಯಾಂಟೀನಿನವನು ಆಗಷ್ಟೆ ಕೊಟ್ಟುಹೋದ ಕಾಫಿಯ ಲೋಟವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದಿದ್ದ. ಹಬೆ ಮುಖಕ್ಕೆ ಹೊಡೆಯುತ್ತಿತ್ತು.

"ಸುಡಲ್ವೇನಪ್ಪಾ?" ಎಂದರು ಡಾಕ್ಟರು.

"ಏನು ಸಾರ್?"

"ಲೋಟ."

ಅವನು ಲೋಟವನ್ನು ನೋಡಿದ. ಯಾರೋ ಹೇಳಿದ್ದಕ್ಕೆ ಎಂಬಂತೆ ಕೆಳಗಿಟ್ಟ. ಸೀತಾರಾಮಯ್ಯ ಅದನ್ನು ದುಃಖವೆಂದುಕೊಂಡರು. ಹೆಂಡತಿ ಹೋದ ಹೊಸದರಲ್ಲಿ ತಮಗೂ ಅನ್ನ ಬಿಸಿಯೋ ತಣ್ಣಗೋ ತಿಳಿಯುತ್ತಿರಲಿಲ್ಲ.

"ನಿಮ್ಮ ತಾಯಿ ಮೈಮೇಲೆ ಎಲ್ಲಾದ್ರೂ ಕಪ್ಪು ಮಚ್ಚೆ ಇತ್ತಾ? ಬೆಳೀತಿತ್ತು, ರಕ್ತ ಬರ್ತಿತ್ತು, ಹೀಗೆ ಏನಾದ್ರೂ? ಅಂಗಾಲಲ್ಲಿ? ಬೆನ್ನಲ್ಲಿ?"

"ಇಲ್ಲ ಸಾರ್. ಅಮ್ಮಂಗೆ ಹುಷಾರಿಲ್ಲ ಅಂತ ಮಲಗಿದ್ದನ್ನೇ ನಾನು ನೋಡಿರ್ಲಿಲ್ಲ. ಕೊನೇ ವರ್ಷದ ತನಕ ಗಟ್ಟಿಯಾಗೇ ಇದ್ಲು. ಒಂದೇ ಕಣ್ಣಲ್ಲಿ ಅಕ್ಕಿಯೊಳಗಿನ ಕಲ್ಲು ಆರಿಸೋಳು. ಎರಡು ಕಣ್ಣಿರೋ ನೀವು ಬಿಟ್ಟಿದ್ದನ್ನ ನಾನು ಹಿಡಿದೆ ನೋಡಿ ಅಂತ ನಗೋಳು."

ಸೀತಾರಾಮಯ್ಯ ಮೆಟ್ಟಿಲಿಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು.

ಒಂದೇ ಕಣ್ಣು.

ಅವರು ಅದನ್ನು ನೋಡದೆ ಇರಲಿಲ್ಲ. ಎಡಗಣ್ಣು ಇಲ್ಲ ಎಂದು ಬರೆದೂ ಇದ್ದರು. ಬರೆದು ಮುಂದಕ್ಕೆ ಹೋಗಿದ್ದರು. ಸಿಡುಬಿಗೆ ಹೋದ ಕಣ್ಣು, ಒಕ್ಕಣೆಯ ಹೊಟ್ಟು ಬಿದ್ದು ಹೋದ ಕಣ್ಣು, ಚಿನ್ನಿದಾಂಡಿಗೆ ಹೋದ ಕಣ್ಣು. ಈ ಮೂರು ತಾಲ್ಲೂಕುಗಳಲ್ಲಿ ಒಕ್ಕಣ್ಣರಿಲ್ಲದ ಬೀದಿ ಯಾವುದು? ಯಾರೂ ಯಾರನ್ನೂ ಕೇಳುವುದಿಲ್ಲ. ಕೇಳಿದರೆ ಆಡಿಕೊಂಡಂತಾಗುತ್ತದೆ. ಡಾಕ್ಟರು ಕೂಡ ಅದೇ ನೆಲದಲ್ಲಿ ಹುಟ್ಟಿದವರು. ಅವರೂ ಕೇಳಿರಲಿಲ್ಲ.

"ಆ ಕಣ್ಣು ಹೇಗೆ ಹೋಯ್ತು?"

"ಚಿಕ್ಕೋಳಾಗಿದ್ದಾಗ ಎತ್ತು ತಿವೀತಂತೆ. ನಮ್ಮ ಸೋದರಮಾವ ಹೇಳ್ತಾರೆ."

"ತಾಯಿ ಏನು ಹೇಳೋರು?"

"ಅಮ್ಮ ಆ ಮಾತೇ ಎತ್ತುತಿರ್ಲಿಲ್ಲ."

ಸೀತಾರಾಮಯ್ಯ ಕಣ್ಣು ಮುಚ್ಚಿ ಮೂರು ತಿಂಗಳ ಹಿಂದಿನ ಆ ಮುಖವನ್ನು ನೆನಪಿಗೆ ತಂದುಕೊಂಡರು. ಸತ್ತವರ ಮುಖಗಳು ಅವರಿಗೆ ಚೆನ್ನಾಗಿ ನೆನಪಿರುತ್ತಿದ್ದವು. ಬದುಕಿರುವವರದೇ ಮರೆಯುತ್ತಿತ್ತು. ಎಡಗಡೆಯ ರೆಪ್ಪೆ ಒಳಕ್ಕೆ ಕುಸಿದಿತ್ತು. ರೆಪ್ಪೆ ಎತ್ತಿದಾಗ ನುಣ್ಣಗೆ, ಗುಲಾಬಿಯಾಗಿ, ಬಟ್ಟಲಿನಂಥ ಗುಳಿ. ಸುಕ್ಕಿದ ಕಣ್ಣುಗುಡ್ಡೆ ಇರಲಿಲ್ಲ. ರೆಪ್ಪೆಯ ಮೇಲೆ ಒಂದು ಗೀರೂ ಇರಲಿಲ್ಲ.

ಎತ್ತಿನ ಕೊಂಬು ಅಷ್ಟು ನಾಜೂಕಾಗಿ ಕೆಲಸ ಮಾಡುವುದಿಲ್ಲ.

"ಇನ್‌ಸ್ಪೆಕ್ಟ್ರೇ," ಎಂದರು, "ಜೀಪಿಗೆ ಪೆಟ್ರೋಲ್ ಇದೆಯಾ?"

*

ಜೈಲಿನಲ್ಲಿ ಹನುಮಂತಮ್ಮ ಕಂಬಿಗಳ ಆಚೆ ನೆಲದ ಮೇಲೆ ಕೂತೇ ಮಾತಾಡಿದಳು. ಏಳಲು ಹೋದವಳನ್ನು ಡಾಕ್ಟರೇ ಬೇಡವೆಂದರು. ತಲೆಗೆ ಎಣ್ಣೆ ಕಾಣದೆ ಕೂದಲು ಕೆಂಚಾಗಿತ್ತು.

"ಮನೇಲಿ ಪೊಲೀಸ್ನೋರಿಗೆ ಸಿಕ್ತಲ್ಲ, ಆ ಬೇರಿನ ಪುಡಿ ಇಸ್ಕೊಂಡಿದ್ದು ನಾನೇ ಸ್ವಾಮಿ. ಯಡಿಯೂರ್ನಾಗೆ. ಮಕ್ಕಳಾಗ್ಲಿ ಅಂತ. ತಿಂದೋಳೂ ನಾನೇ. ನಮ್ಮತ್ತೆ ತಟ್ಟೆಗೆ ಹಾಕಿಲ್ಲ. ಎಷ್ಟು ಸಲ ಹೇಳ್ಲಿ?"

"ಅದನ್ನ ಕೇಳೋಕೆ ಬಂದಿಲ್ಲಮ್ಮ. ನಿಮ್ಮತ್ತೆ ಕಣ್ಣು ಹೇಗೆ ಹೋಯ್ತು, ಗೊತ್ತಾ?"

ಅವಳು ತಲೆ ಎತ್ತಿದಳು. ಇಷ್ಟು ದಿನದಲ್ಲಿ ಕೇಳಿದ ಪ್ರಶ್ನೆಗಳಲ್ಲಿ ಇದು ಬೇರೆ ಜಾತಿಯದು.

"ಗುಬ್ಬಿ ಛತ್ರದಾಗೆ ಕಿತ್ತಾಕಿದ್ರಂತೆ. ಸ್ವಾತಂತ್ರ್ಯ ಬಂದ ವರ್ಷ, ನಮ್ಮೆಜಮಾನ್ರು ತೊಟ್ಟಿಲಾಗಿದ್ದಾಗ. ಯಾರೋ ಕಣ್ಣಿನ ಡಾಕ್ಟ್ರು ಬಂದು ಸಾಲಾಗಿ ಮಲಗಿಸಿ ಪೊರೆ ತೆಗೀತಿದ್ರಂತಲ್ಲ. ಇವ್ರಿಗೆ ಪೊರೆ ಅಲ್ಲ. ಕಣ್ಣಿಗೆ ಒಂದ್ಕಡೆ ಕರೀ ಪರದೆ ಇಳಿಬಿಟ್ಟಂಗೆ ಕಾಣೋದಂತೆ. ಆಮೇಲೆ ತಲೆ ಸೀಳೋ ಹಂಗೆ ನೋವು. ಅದಕ್ಕೆ ಕಣ್ಣೇ ತೆಗೆದ್ರು. ತಲೆ ಬಾಚಿಸ್ಕೊತಾ ನಂಗೊಂದಿನ ಹೇಳಿದ್ರು. ಮಗನಿಗೆ ಹೇಳ್ಬೇಡ ಅಂದ್ರು."

"ಆಗ ಜೊತೇಲಿ ಯಾರಿದ್ರು?"

"ತಮ್ಮ. ಇನ್ಯಾರು? ನಮ್ಮ ಮಾವನೋರು ಅಷ್ಟೊತ್ತಿಗೆ ತೀರ್ಕೊಂಡಿದ್ರು."

ಸೀತಾರಾಮಯ್ಯ ಅಂಜನಮೂರ್ತಿಯ ಕಡೆ ತಿರುಗಿದರು. ಬಾಯಲ್ಲಿದ್ದ ಏಲಕ್ಕಿ ಈಗ ಅವನಿಗೆ ಮರೆತೇಹೋಗಿತ್ತು.

"ಕಣ್ಣೊಳಗೂ ಈ ಗಡ್ಡೆ ಹುಟ್ಟತ್ತೆ," ಎಂದರು ಡಾಕ್ಟರು, ಮೆಲ್ಲಗೆ. "ಕಣ್ಣಿನದು ಕಂಕುಳಿಗೆ ಹೋಗಲ್ಲ, ಕತ್ತಿಗೆ ಹೋಗಲ್ಲ. ರಕ್ತದಲ್ಲಿ ಸೀದಾ ಲಿವರಿಗೆ ಹೋಗತ್ತೆ. ಕಣ್ಣು ತೆಗೆದು ಹದಿನೆಂಟು ಇಪ್ಪತ್ತು ವರ್ಷ ಸುಮ್ಮನಿದ್ದು, ಎಲ್ಲರೂ ಮರೆತ ಮೇಲೆ ಏಳತ್ತೆ. ಮೊದಲಿಂದಲೂ ಮುಖದ ಮೇಲೇ ಇತ್ತು, ಇನ್‌ಸ್ಪೆಕ್ಟ್ರೇ. ನಾನು ತೋಳಲ್ಲಿ ಹುಡುಕ್ತಿದ್ದೆ."

"ಹಂಗಂದ್ರೆ ನಾನು ಮನೇಗೆ ಹೋಗ್ಬೋದಾ?" ಎಂದಳು ಹನುಮಂತಮ್ಮ.

ಛತ್ರದ ಮಾತನ್ನು ಅತ್ತೆಯಿಂದ ಕೇಳಿದವಳು ಆಪಾದಿತೆ ಒಬ್ಬಳೇ. ಅವಳ ಮಾತು ನಾಳೆ ನಡೆಯುವುದಿಲ್ಲ. ಅದನ್ನು ದೂರು ಕೊಟ್ಟವನ ಬಾಯಿಂದಲೇ ಹೊರಡಿಸಬೇಕು.

ಎದ್ದು ಹೊರಟವರನ್ನು ಅವಳು ಕೂಗಿ ನಿಲ್ಲಿಸಿದಳು.

"ನಮ್ಮೆಜಮಾನ್ರು ಹೆಂಗವ್ರೆ ಸ್ವಾಮಿ? ಅಂಗಾಲು ಉರಿ ಅಂತ ರಾತ್ರಿಯೆಲ್ಲ ಒದ್ದಾಡೋರು. ಈಗ ಎಣ್ಣೆ ತಿಕ್ಕೋರು ಯಾರವ್ರೆ?"

"ಚೆನ್ನಾಗಿದ್ದಾರೆ," ಎಂದರು ಡಾಕ್ಟರು. ಅವರ ಮನಸ್ಸು ಅಷ್ಟರಲ್ಲಿ ಗುಬ್ಬಿಯಲ್ಲಿತ್ತು.

*

ಮೂಡಲಗಿರಿಯಪ್ಪನ ಕೊಬ್ಬರಿ ಮಂಡಿ ಗುಬ್ಬಿಯ ರೈಲ್ವೆ ಗೇಟಿನ ಹತ್ತಿರ. ಊರು ನಿಟ್ಟೂರಾದರೂ ಭಾವ ಸತ್ತಾಗಿನಿಂದ ಅಕ್ಕನ ತೋಟದ ಕಾಯಿಯನ್ನೆಲ್ಲ ಇಲ್ಲಿಗೇ ತರಿಸಿ, ಒಣಗಿಸಿ ಮಾರುತ್ತಿದ್ದವನು ಅವನೇ. ಜೀಪಿನ ಸದ್ದಿಗೆ ಎದ್ದು ಬಂದು ಕೈ ಮುಗಿದ. ದಪ್ಪ ಮೈ, ಮೆದು ಮಾತು. ಜೈಲಿನಿಂದ ಬರುವಾಗ ಆಸ್ಪತ್ರೆಯ ಜಗಲಿಯಿಂದ ಅವರು ಹತ್ತಿಸಿಕೊಂಡು ಬಂದಿದ್ದ, ಈಗ ಹಿಂದಿನ ಸೀಟಿನಿಂದ ಇಳಿಯುತ್ತಿದ್ದ ಸೋದರಳಿಯನ ತೋಳಿಗೆ ತಾನೇ ಕೈ ಕೊಟ್ಟ. ಲಕ್ಷ್ಮೀನರಸಿಂಹಯ್ಯ ಹತ್ತಿಯ ಮೇಲೆ ನಡೆಯುವವನಂತೆ ಕಾಲೆತ್ತಿ ಕಾಲೆತ್ತಿ ಇಟ್ಟು ಬಂದು ಮೂಟೆಗೊರಗಿ ಕೂತ.

"ಬನ್ನಿ ಬುದ್ಧಿ, ಬನ್ನಿ. ಎಳನೀರು ಕೆತ್ತಿಸ್ತೀನಿ. ಮಗನ್ನ ಯಾಕೆ ಹಿಂಗೆ ಅಲೆಸ್ತೀರಿ? ಮೊದಲೇ ಸೋತೋಗವ್ನೆ."

"ಎಳನೀರು ಆಮೇಲಾಯ್ತು," ಎಂದ ಅಂಜನಮೂರ್ತಿ. "ಡಾಕ್ಟ್ರು ಎರಡು ಮಾತು ಕೇಳ್ತಾರಂತೆ."

ಕೊಬ್ಬರಿಯ ಜಿಡ್ಡು ವಾಸನೆ ತುಂಬಿದ ಆ ಕತ್ತಲು ಕೋಣೆಯಲ್ಲಿ ಸೀತಾರಾಮಯ್ಯನವರಿಗೆ ಒಂದು ಮೂಟೆಯೇ ಕುರ್ಚಿಯಾಯಿತು.

"ನಿಮ್ಮಕ್ಕನ ಕಣ್ಣಿನ ವಿಷಯ, ಗೌಡ್ರೇ."

"ಯಾವ ಕಣ್ಣು ಬುದ್ಧಿ?"

"ಇಲ್ಲದೆ ಇರೋದು."

ಮೂಡಲಗಿರಿಯಪ್ಪ ನಕ್ಕ. "ಅಯ್ಯೋ, ಅದಾ! ನಮ್ಮ ಕೊಟ್ಟಿಗೇಲಿ ಒಂದು ಮುರುಕೊಂಬಿನ ಎತ್ತಿತ್ತು. ಹುಲ್ಲು ಹಾಕೋಕೋಗಿ ತಿವಿಸ್ಕೊಂಡ್ಳು. ನಾನಿನ್ನೂ ಚಡ್ಡಿ ಹಾಕದ ಹುಡುಗ."

"ಎತ್ತು ತಿವಿದ್ರೆ ರೆಪ್ಪೆ ಹರಿಯತ್ತೆ. ಗಾಯ ಮಾಯ್ದಿದ್ರೂ ಗೆರೆ ಉಳಿಯತ್ತೆ. ಅವರ ರೆಪ್ಪೆ ನಿಮ್ಮ ರೆಪ್ಪೆ ಹಾಗೇ ಇತ್ತು."

"ಸಣ್ಣೋಳಲ್ವಾ, ಕೂಡ್ಕೊಂಡಿರ್ತದೆ."

"ಒಳಗೆ ಒಡೆದ ಗುಡ್ಡೆ ಒಣಗಿ ಬಟಾಣಿ ಹಾಗೆ ಉಳೀಬೇಕು. ಉಳಿದಿರ್ಲಿಲ್ಲ. ಬುಡಸಮೇತ ಕತ್ತರಿಸಿ ತೆಗೆದಿದ್ರು. ಎತ್ತು ಕತ್ತರಿ ಹಿಡೀತಾ?"

"ಬುಡಿ ಬುದ್ಧಿ, ಆ ಕಾಲದ ಮಾತು. ಯಾರಿಗೆ ನೆನಪೈತೆ."

ಸೀತಾರಾಮಯ್ಯ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಸುಳ್ಳು ಹೇಳುವುದು ಅವರಿಗೆ ಅಭ್ಯಾಸವಿರಲಿಲ್ಲ. ಕನ್ನಡಕವಿಲ್ಲದೆ ಎದುರಿನ ಮುಖ ಮಸುಕಾಗಿ ಕಂಡರೆ ಸ್ವಲ್ಪ ಸುಲಭ.

"ನಿಮಗೆ ಮರೆತಿದ್ರೂ ಪರವಾಗಿಲ್ಲ. ಛತ್ರದಲ್ಲಿ ಕಣ್ಣು ತೆಗೆದ ಡಾಕ್ಟ್ರಿಗೆ ನೆನಪಿರತ್ತೆ. ನಾಳೆ ಅವರನ್ನೇ ಕರೆಸ್ತೀವಿ. ಬರ್ತೀನಿ ಅಂತ ಹೇಳಿದ್ದಾರೆ."

"ಅವ್ರೆಲ್ಲಿ ಬರ್ತಾರೆ, ಸತ್ತೋಗಿ ಕಾಲಾಯ್ತಲ್ಲ!"

ಮಾತು ಬಾಯಿ ಬಿಟ್ಟ ಮೇಲೆ ಮೂಡಲಗಿರಿಯಪ್ಪನ ತುಟಿ ಮುಚ್ಚಿತು. ಹೊರಗೆ ಗೂಡ್ಸ್ ಗಾಡಿಯೊಂದು ಸಾವಕಾಶವಾಗಿ ದಾಟಿಹೋಗುತ್ತಿತ್ತು.

"ಯಾರು ಸತ್ತೋದ್ರು ಗೌಡ್ರೇ?" ಎಂದ ಅಂಜನಮೂರ್ತಿ, ಬಹಳ ವಿನಯದಿಂದ. "ಎತ್ತಾ?"

ಲಕ್ಷ್ಮೀನರಸಿಂಹಯ್ಯ ಮೂಟೆಯಿಂದ ಬೆನ್ನು ತೆಗೆದು ಮುಂದಕ್ಕೆ ಬಾಗಿದ. "ಮಾವ? ಏನಿದು?"

ಮೂಡಲಗಿರಿಯಪ್ಪ ಪೇಟ ತೆಗೆದು ತೊಡೆಯ ಮೇಲಿಟ್ಟುಕೊಂಡ. ಪೇಟವಿಲ್ಲದ ತಲೆ ಚಿಕ್ಕದಾಗಿ ಕಂಡಿತು.

"ಹೂಂ, ಛತ್ರಕ್ಕೆ ಕರ್ಕೊಂಡೋಗಿದ್ದು ನಾನೇ. ತೆಗೆದ ಕಣ್ಣ ಸೀಳಿ ತೋರ್ಸಿದ್ರು. ಒಳಗೆ ಹುರುಳಿಕಾಳಷ್ಟು ಕರೀ ಗಂಟು. ಇದು ಕೆಟ್ಟ ಜಾತಿ, ಯಾವತ್ತಾದ್ರೂ ಹೊಟ್ಟೇಲಿ ಏಳ್ಬೋದು ಅಂದ್ರು."

"ಮತ್ತೆ ಸೊಸೆ ಮೇಲೆ ಯಾಕೆ ದೂರು ಕೊಟ್ರಿ?" ಸೀತಾರಾಮಯ್ಯನವರ ದನಿ ಏರಲಿಲ್ಲ. ಏರಿಸುವ ತ್ರಾಣವಿರಲಿಲ್ಲ. "ಅಕ್ಕ ಯಾತರಿಂದ ಹೋಗ್ತಿದ್ದಾರೆ ಅಂತ ಈ ಜಿಲ್ಲೇಲಿ ಗೊತ್ತಿದ್ದೋರು ನೀವೊಬ್ರೇ."

"ನಂಗೆ ಮೂರು ಜನ ಹೆಣ್ಣುಮಕ್ಳವ್ರೆ ಬುದ್ಧಿ. ಮನೇಲಿ ಕ್ಯಾನ್ಸರು ಐತೆ ಅಂದ್ರೆ ಯಾರು ಹೆಣ್ಣು ತಕ್ಕೊಂಡಾರು? ಮದ್ದು ಅಂದ್ರೆ ಅದು ಹೊರಗಿಂದ ಬಂದಿದ್ದು. ಮನೆತನಕ್ಕೆ ಅಂಟೋದಿಲ್ಲ. ಇವಳು ಹೊರಗಿಂದ ಬಂದೋಳು." ಅವನು ಕಣ್ಣೊರೆಸಿಕೊಂಡ. "ತಪ್ಪಾಯ್ತು. ಬರ್ಕೊಳ್ಳಿ. ರುಜು ಹಾಕ್ತೀನಿ."

ಎಷ್ಟು ಸಣ್ಣ ಕಾರಣ, ಎಂದುಕೊಂಡರು ಸೀತಾರಾಮಯ್ಯ. ಎಷ್ಟು ನಂಬುವಂಥ ಕಾರಣ. ಅವರಿಗೆ ಕೋಪ ಬರಬೇಕಿತ್ತು. ಬಂದದ್ದು ನಿದ್ದೆ. ಹನುಮಂತಮ್ಮ ನಾಳೆ ಮನೆಗೆ ಹೋಗುತ್ತಾಳೆ, ಅಷ್ಟು ಸಾಕು.

ಅಂಜನಮೂರ್ತಿ ಜೀಪಿನಿಂದ ಕಾಗದ, ಲೇಖನಿ, ಹೆಬ್ಬೆಟ್ಟಿನ ಶಾಯಿಡಬ್ಬಿ ತರಿಸಿ, ಅಡಕೆಪೆಟ್ಟಿಗೆಯನ್ನೇ ಮೇಜು ಮಾಡಿಕೊಂಡು ಬರೆಯತೊಡಗಿದ. ಅವನ ಬರವಣಿಗೆ ಮಾತಿನಷ್ಟು ಚುರುಕಲ್ಲ.

ಈ ನಡುವೆ ಮೂಡಲಗಿರಿಯಪ್ಪ ಎದ್ದು ಹಿತ್ತಲಿಗೆ ಹೋಗಿ, ಒಂದು ಹಿತ್ತಾಳೆ ಚೊಂಬು ತಂದು ಅಳಿಯನ ಮುಂದಿಟ್ಟ. ತಲೆ ಸವರಿದ.

"ಕುಡಿ ಮಗಾ. ಬೆಳಗಿಂದ ಹೊಟ್ಟೇಗಿಲ್ಲ. ಬೈಯೋದಿದ್ರೆ ಆಮೇಲೆ ಬೈಯುವಂತೆ."

ಲಕ್ಷ್ಮೀನರಸಿಂಹಯ್ಯ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ, ಬಾಯಾರಿದ್ದ ಮಗುವಿನಂತೆ, ಚೊಂಬನ್ನು ಎರಡೂ ಕೈಯಲ್ಲಿ ಎತ್ತಿಕೊಂಡ.

ಬರೆದಾಯಿತು. ಓದಿಯಾಯಿತು. ಮೂಡಲಗಿರಿಯಪ್ಪ ದುಂಡಗೆ ರುಜು ಹಾಕಿ, ಕೈ ತೊಳೆದು ಬರುತ್ತೇನೆಂದು ಹಿತ್ತಲಿಗೆ ಹೋದ.

"ನೀವು ಸಾಕ್ಷಿ ಹಾಕಿ," ಎಂದು ಅಂಜನಮೂರ್ತಿ ಲೇಖನಿಯನ್ನು ಲಕ್ಷ್ಮೀನರಸಿಂಹಯ್ಯನ ಕೈಗೆ ಕೊಟ್ಟ. ಲೇಖನಿ ಬೆರಳುಗಳಿಂದ ಜಾರಿ ಬಿತ್ತು. ಎತ್ತಿಕೊಟ್ಟ. ಮತ್ತೆ ಜಾರಿತು.

"ಹಿಡಿತ ಸಿಗ್ತಿಲ್ಲ ಸಾರ್. ಕೆಲವು ತಿಂಗಳಾಯ್ತು. ಇತ್ತೀಚೆಗೆ ಅಂಗಿ ಗುಂಡೀನೂ ಮಾವನೇ ಹಾಕ್ಕೊಡ್ತಾರೆ."

"ಏನ್ರೀ, ಎಸ್ಸೆಸ್ಸೆಲ್ಸಿ ಪಾಸು ಮಾಡಿದೋರು ಹೆಬ್ಬೆಟ್ಟು ಒತ್ತೋದಾ!" ಅಂಜನಮೂರ್ತಿ ನಗುತ್ತಲೇ ಅವನ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಕಾಗದಕ್ಕೆ ಒತ್ತಿದ. ಒತ್ತಡಕ್ಕೆ ಶಾಯಿ ಮೇಲಕ್ಕೆ ಹರಿದು ಉಗುರಿಗೂ ಮೆತ್ತಿತು.

"ಒರೆಸಿ ಕೊಡ್ತೀನಿ, ಬಾ," ಎಂದರು ಸೀತಾರಾಮಯ್ಯ. ಜೇಬಿನಿಂದ ಕರವಸ್ತ್ರ ತೆಗೆದು ಆ ಕೈಯನ್ನು ಬೆಳಕಿಗೆ ಎಳೆದುಕೊಂಡರು.

ಅಂಗೈ ಮೊದಲು ಕಂಡಿತು. ಅಂಗೈ ತುಂಬ ರಾಗಿಕಾಳು ಅಂಟಿಸಿದಂಥ ಗಡುಸು ಗುಳ್ಳೆಗಳು. ಕಾಯಿ ಸುಲಿಯುವವರ ಕೈ ಒರಟಾಗಿರುತ್ತದೆ, ಸರಿ. ಆದರೆ ಗುಂಡಿಯನ್ನೂ ಹಾಕಿಕೊಳ್ಳಲಾಗದ ಕೈ ಕಾಯಿ ಸುಲಿದು ಎಷ್ಟು ಕಾಲವಾಯಿತು?

ಉಗುರಿನ ಮೇಲಿನ ಶಾಯಿ ಬಟ್ಟೆಗೆ ಬಂತು. ಕೆಳಗೆ ಬಿಳಿ ಗೆರೆಗಳು. ಉಗುರಿಗೆ ಅಡ್ಡವಾಗಿ, ಒಂದರ ಹಿಂದೆ ಒಂದು, ಮರಳಿನ ಮೇಲೆ ನೀರು ಹಿಂದೆ ಸರಿದ ಗುರುತಿನಂತೆ. ಅವರು ಉಳಿದ ಬೆರಳುಗಳನ್ನು ಬಿಡಿಸಿದರು. ಎಲ್ಲದರಲ್ಲೂ ಅದೇ ಗೆರೆ, ಅದೇ ಜಾಗದಲ್ಲಿ.

ಬಿಸಿ ತಿಳಿಯದ ಅಂಗೈ. ರಾತ್ರಿಯೆಲ್ಲ ಉರಿಯುವ ಅಂಗಾಲು. ಹತ್ತಿಯ ಮೇಲಿನ ನಡಿಗೆ. ಬೆಳಗಿನಿಂದ ಎಲ್ಲವೂ ಅವರ ಎದುರಿಗೇ ಬೆಂಚಿನ ಮೇಲೆ ಕೂತಿತ್ತು, ಅವರ ಜೀಪಿನಲ್ಲೇ ಪ್ರಯಾಣ ಮಾಡಿತ್ತು. ಸತ್ತವಳ ಮೈಯಲ್ಲಿ ಇಲ್ಲದ ವಿಷವನ್ನು ಇಲ್ಲವೆಂದು ತೋರಿಸುವ ಗಡಿಬಿಡಿಯಲ್ಲಿ ಅವರು ಬದುಕಿದ್ದವನನ್ನು ನೋಡಿರಲಿಲ್ಲ.

ಪಾಷಾಣ, ಇಲಿಗೆ ಇಡುವ ಬಿಳಿ ಪುಡಿ. ಸ್ವಲ್ಪ ಸ್ವಲ್ಪವಾಗಿ, ತಿಂಗಳುಗಟ್ಟಲೆ. ಪ್ರತಿ ಗೆರೆಯೂ ಅದು ಜೋರಾಗಿ ಒಳಗೆ ಹೋದ ಒಂದೊಂದು ಸಲದ ಗುರುತು. ಕೊನೆಯ ಗೆರೆ ಉಗುರಿನ ಬುಡದಲ್ಲಿ ಈಗಷ್ಟೆ ತಲೆ ಹಾಕುತ್ತಿತ್ತು. ಉಗುರು ನಿಧಾನವಾಗಿ ಬೆಳೆಯುತ್ತದೆ, ನಿಜ. ಆದರೂ ಆ ಗೆರೆಗೆ ಮೂರು ತಿಂಗಳ ವಯಸ್ಸಾಗಿರಲಿಲ್ಲ. ಮೂರು ತಿಂಗಳಿಂದ ಹನುಮಂತಮ್ಮ ಕಂಬಿಯ ಹಿಂದೆ ಇದ್ದಳು.

ಈ ಹುಡುಗ ಸತ್ತಿದ್ದರೆ ಊರು ಏನೆನ್ನುತ್ತಿತ್ತು? ಜೈಲಿಗೆ ಹೋಗುವ ಮುಂಚೆ ಗಂಡನಿಗೂ ಇಕ್ಕಿದ್ದಳು, ಮದ್ದು ತನ್ನ ಕೆಲಸ ಬಿಡುವುದಿಲ್ಲ ಎನ್ನುತ್ತಿತ್ತು. ಕೇಳುವವರೂ ಇರುತ್ತಿರಲಿಲ್ಲ. ಅಕ್ಕನ ತೋಟ ಸೀದಾ ತಮ್ಮನ ಕೈಗೆ ಬರುತ್ತಿತ್ತು.

ಮಗಳ ಮದುವೆ! ಆ ಸಣ್ಣ ಕಾರಣವನ್ನು ನಂಬಿ ತಾವು ತೂಕಡಿಸಿದ್ದರು.

"ಅಂಜನಮೂರ್ತಿ," ಎಂದರು. ಅವರು ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಹಿತ್ತಲು ನೋಡಿ."

ಅವನು ಮುಖ ನೋಡಿದವನೇ ಓಡಿದ. ಬಾಗಿಲು ದಡಾರನೆ ಹೊಡೆದುಕೊಂಡಿತು.

ಸೀತಾರಾಮಯ್ಯ ಲಕ್ಷ್ಮೀನರಸಿಂಹಯ್ಯನ ಕೈ ಬಿಡಲಿಲ್ಲ. "ಮಾವ ನಿಂಗೆ ಕುಡಿಯೋಕೆ ಏನು ಕೊಡ್ತಾರೆ?"

"ಕಷಾಯ ಸಾರ್. ಅವಳು ನಂಗೂ ಇಕ್ಕಿರ್ಬೋದು, ಮುರೀಬೇಕು ಅಂತ. ಹೋದ ವರ್ಷದಿಂದ ಕೊಡ್ತಾವ್ರೆ. ಅವಳಿಗೆ ಹೇಳ್ಬೇಡ ಅಂದಿದ್ರು."

ಡಾಕ್ಟರು ಚೊಂಬಿಗೆ ಕೈ ಚಾಚಿದರು. ಅದು ಹಗುರವಾಗಿ ಮೇಲೆ ಬಂತು. ತಳದಲ್ಲಿ, ನೀರಾರಿದ ಸುಣ್ಣದಂತೆ, ಒಂದಿಷ್ಟು ಬಿಳಿ ಗಸಿ.

"ದಿನಾ ಇಷ್ಟೇ ಕೊಡ್ತಾರಾ?"

"ಇಲ್ಲ ಸಾರ್." ಅವನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸ್ವಲ್ಪ ಬಾಗಿದ. ಹಣೆಯ ಮೇಲೆ ಬೆವರು ಮೂಡುತ್ತಿತ್ತು. "ದಿನಾ ಒಂದು ಒಳಲೆ, ಮಗೂಗೆ ಹಾಲು ಹುಯ್ಯೋ ಅಷ್ಟು. ಇವತ್ತು ಮಾತ್ರ ಯಾಕೋ, ಚೊಂಬು ಪೂರ್ತಿ ಮುಗಿಸು ಅಂತ ಕಣ್ಸನ್ನೆ ಮಾಡಿದ್ರು."

ಹಿತ್ತಲಿನಿಂದ ಅಂಜನಮೂರ್ತಿ ಒಬ್ಬನೇ ಹಿಂದಿರುಗಿದ.